ಮಲೆನಾಡಿನ ಮಳೆಯಲ್ಲಿ ಯುದ್ಧವಿಮಾನದ ಮಾಡೆಲ್‌ಗೆ ಬಣ್ಣ, ಡೆಕಾಲ್, ವೆದರಿಂಗ್: ಯಾವುದು ಮೊದಲು, ಯಾವುದು ಆಮೇಲೆ

ಪ್ರತಿ ವರ್ಷ ಆರಿದ್ರಾ ಮಳೆ ಹಿಡಿದ ಮೇಲೆ ನನ್ನ ಫೋನಿಗೆ ಒಂದೇ ಥರದ ಫೋಟೋಗಳು ಬರುತ್ತವೆ. ಸಾಗರದ ಒಬ್ಬ ಹುಡುಗ, "ಅಣ್ಣಾ, ಡೆಕಾಲ್ ಸುತ್ತ ಬೆಳ್ಳಿ ಪೊರೆ ಥರ ಹೊಳೀತಿದೆ, ಏನ್ ಮಾಡ್ಲಿ?" ಅಂತ ಕೇಳುತ್ತಾನೆ. ಡೆಕಾಲ್ ಅಂದರೆ ನೀರಲ್ಲಿ ನೆನೆಸಿ ಮಾಡೆಲ್ ಮೇಲೆ ಜಾರಿಸಿ ಕೂರಿಸುವ ಗುರುತಿನ ಚಿತ್ರ. ಹೊಸನಗರದಿಂದ ಬಂದ ಫೋಟೋದಲ್ಲಿ ಇಡೀ ವಿಮಾನ ಬೂದಿ ಎರಚಿದ ಹಾಗೆ ಬೆಳ್ಳಗಾಗಿರುತ್ತದೆ. ಇನ್ನೊಂದರಲ್ಲಿ ರೆಕ್ಕೆಯ ಮೇಲೆ ಹೆಬ್ಬೆರಳಿನ ಗುರುತು ಅಚ್ಚೊತ್ತಿರುತ್ತದೆ.

ಈ ಮೂರೂ ತೊಂದರೆಗಳ ಮೂಲ ಎರಡೇ. ಒಂದು, ಕೆಲಸದ ಅನುಕ್ರಮ ತಪ್ಪಿರುತ್ತದೆ. ಇನ್ನೊಂದು, ಗಾಳಿಯ ತೇವವನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಕಿಟ್ ಡಬ್ಬಿಯೊಳಗಿನ ಹಾಳೆಯಲ್ಲಿ ಆಗುಂಬೆ, ತೀರ್ಥಹಳ್ಳಿಯ ಜುಲೈ ತಿಂಗಳ ಬಗ್ಗೆ ಏನೂ ಬರೆದಿರುವುದಿಲ್ಲ ಅಲ್ವಾ? ಅಲ್ಲಿ ಹೇಳಿದ ಒಣಗುವ ಸಮಯ ನಮ್ಮ ಮನೆಗೆ ಹೊಂದುವುದಿಲ್ಲ.

ಮೊದಲು ಅನುಕ್ರಮ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ: ತೊಳೆಯುವುದು, ಪ್ರೈಮರ್ (ಬಣ್ಣದ ಅಡಿಯ ಪದರ), ಬಣ್ಣ, ಗ್ಲಾಸ್ (ಹೊಳಪಿನ ವಾರ್ನಿಶ್), ಡೆಕಾಲ್, ಮತ್ತೆ ಗ್ಲಾಸ್, ವಾಶ್ (ಗೆರೆಗಳಲ್ಲಿ ಹರಿಸುವ ತೆಳು ಬಣ್ಣ), ವೆದರಿಂಗ್ (ಬಳಸಿ ಹಳತಾದ ಹಾಗೆ ಕಾಣಿಸುವುದು), ಮ್ಯಾಟ್ (ಹೊಳಪಿಲ್ಲದ ವಾರ್ನಿಶ್), ಕೊನೆಗೆ ಧೂಳು. ಉದಾಹರಣೆಗೆ 1/72 ಅಳತೆಯ (ನಿಜವಾದ ವಿಮಾನದ 72ನೇ ಒಂದು ಪಾಲು) ಹರಿಕೇನ್ ಇಟ್ಟುಕೊಂಡಿದ್ದೇನೆ. 1944ರಲ್ಲಿ ಇಂಫಾಲದಲ್ಲಿ ನಮ್ಮ ವಾಯುಪಡೆಯ 1ನೇ ಸ್ಕ್ವಾಡ್ರನ್ ಹಾರಿಸಿದ್ದು ಇದೇ ಜಾತಿಯ ವಿಮಾನ. ಮಾಡೆಲ್ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 17 ಸೆಂ.ಮೀ. ಬರುತ್ತದೆ. ಅಂಗೈ ಮೇಲೆ ಕೂರುತ್ತದೆ.

ಕೆಲಸಕ್ಕೆ ಕೂರುವ ಮುಂಚೆ ಹವೆ ನೋಡಿ

ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಒಂದನ್ನು ಕೊಂಡು ಮೇಜಿನ ಮೇಲೆ ಇಡಿ. ಏರ್‌ಬ್ರಷ್‌ಗಿಂತ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಉಪಕರಣ) ಮೊದಲು ಇದನ್ನೇ ಕೊಳ್ಳಿ ಎಂದು ನಾನು ಹೇಳುತ್ತೇನೆ. ನನ್ನ ಲೆಕ್ಕ ಹೀಗಿದೆ: 65 ಶೇಕಡಾಕ್ಕಿಂತ ಕೆಳಗಿದ್ದರೆ ಯಾವ ಕೆಲಸವನ್ನಾದರೂ ಮಾಡಬಹುದು. 65ರಿಂದ 75ರ ನಡುವೆ ಬ್ರಷ್ ಕೆಲಸ, ಮಾಸ್ಕಿಂಗ್ (ಬಣ್ಣ ತಾಗಬಾರದ ಜಾಗವನ್ನು ಟೇಪ್‌ನಿಂದ ಮುಚ್ಚುವುದು), ಡೆಕಾಲ್ ನಡೆಯುತ್ತವೆ. 75 ದಾಟಿದರೆ ಲ್ಯಾಕರ್ (ಥಿನ್ನರ್ ಬೇಗ ಆವಿಯಾಗಿ ಒಣಗುವ ಬಣ್ಣ, ವಾರ್ನಿಶ್), ಸ್ಪ್ರೇ ಕ್ಯಾನ್, ಮ್ಯಾಟ್ ಕೋಟ್ ಮುಟ್ಟಲೇಬೇಡಿ.

ಶಿವಮೊಗ್ಗ ಪೇಟೆಯಲ್ಲಿ ಇರುವವರಿಗೆ ಮಳೆಗಾಲದಲ್ಲೂ ನಡುನಡುವೆ ಒಳ್ಳೆಯ ದಿನಗಳು ಸಿಗುತ್ತವೆ. ಘಟ್ಟದ ಅಂಚಿನವರಿಗೆ ಆಶ್ಲೇಷ ಮುಗಿಯುವವರೆಗೂ ಮೀಟರ್ 85ರಿಂದ ಕೆಳಗಿಳಿಯದೇ ಇರಬಹುದು. ಅಂಥವರು ಮಳೆಗಾಲದಲ್ಲಿ ಜೋಡಿಸುವುದು, ಉಜ್ಜುವುದು, ಕಾಕ್‌ಪಿಟ್‌ಗೆ ಬ್ರಷ್‌ನಿಂದ ಬಣ್ಣ ಹಚ್ಚುವುದು ಇಷ್ಟನ್ನು ಮಾಡಿಕೊಂಡು, ಸ್ಪ್ರೇ ಕೆಲಸವನ್ನೆಲ್ಲ ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಒಂದು ಎಚ್ಚರಿಕೆ. ಬಟ್ಟೆ ಒಣಗಿಸುವ ಹಾಗೆ ಮಾಡೆಲನ್ನೂ ಬಚ್ಚಲ ಒಲೆಯ ಮೇಲಿನ ಜಂತಿಗೆ ಕಟ್ಟಿದವರಿದ್ದಾರೆ. ಹಾಗೆ ಮಾಡಬೇಡಿ. ಪಾಲಿಸ್ಟೈರೀನ್ ಬಿಸಿಗೆ ಬಾಗುತ್ತದೆ, ಹಸಿ ಬಣ್ಣದ ಮೇಲೆ ಮಸಿ ಕೂರುತ್ತದೆ. ಅದಕ್ಕಿಂತ ಮುಖ್ಯವಾಗಿ, ಥಿನ್ನರ್‌ನ ಆವಿಗೆ ಬೆಂಕಿ ತಗುಲುತ್ತದೆ. ಒಲೆ ಉರಿಯುವ ಕಡೆ ಥಿನ್ನರ್ ಡಬ್ಬಿ ತೆರೆಯಲೇಬಾರದು.

ಬೇಕಾದ ಸಾಮಾನು

ಏರ್‌ಬ್ರಷ್ ಇದ್ದರೆ 0.3 ಮಿ.ಮೀ. ಸೂಜಿಯದು ಸಾಕು. ಕಂಪ್ರೆಸರ್‌ಗೆ ನೀರು ಹಿಡಿಯುವ ಟ್ರ್ಯಾಪ್ ಇರಲೇಬೇಕು. ಇಲ್ಲಿನ ಗಾಳಿಯನ್ನು ಒತ್ತಿದರೆ ಅದರಲ್ಲಿರುವ ತೇವ ನೀರಾಗಿ ಇಳಿಯುತ್ತದೆ. ಟ್ರ್ಯಾಪ್ ಖಾಲಿ ಮಾಡದಿದ್ದರೆ ಆ ನೀರು ಬಣ್ಣದ ನಡುವೆ ಹನಿಯಾಗಿ ರೆಕ್ಕೆಯ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ಹತ್ತು ನಿಮಿಷಕ್ಕೊಮ್ಮೆ ಖಾಲಿ ಮಾಡಿ.

ಏರ್‌ಬ್ರಷ್ ಇಲ್ಲವೆಂದು ಬೇಜಾರಾಗಬೇಡಿ. ಚಪ್ಪಟೆ ಸಿಂಥೆಟಿಕ್ ಬ್ರಷ್‌ನಲ್ಲಿ ತೆಳುವಾಗಿ ಮೂರು ನಾಲ್ಕು ಪದರ ಹಚ್ಚಿದರೂ ಒಳ್ಳೆಯ ವಿಮಾನ ಆಗುತ್ತದೆ. ಬ್ರಷ್ ಕೆಲಸಕ್ಕೆ ವಲೆಹೊ ಥರದ ನೀರಿನ ಆಕ್ರಿಲಿಕ್ ಸುಲಭ. ಟಾಮಿಯಾ ಆಕ್ರಿಲಿಕ್ ಏರ್‌ಬ್ರಷ್‌ನಲ್ಲಿ ಸೊಗಸಾಗಿ ಬರುತ್ತದೆ, ಆದರೆ ಬ್ರಷ್‌ನಲ್ಲಿ ಎರಡನೇ ಪದರ ಮೊದಲನೆಯದನ್ನು ಕಿತ್ತುಕೊಂಡು ಬರುತ್ತದೆ.

ಉಳಿದ ಸಾಮಾನು: ಮಾಡೆಲ್‌ಗೆಂದೇ ಮಾಡಿದ ಮಾಸ್ಕಿಂಗ್ ಟೇಪ್, ಚೂಪು ಬ್ಲೇಡ್, ಚಪ್ಪಟೆ ಮೂತಿಯ ಚಿಮಟ, ಕಾಟನ್ ಬಡ್, ಡೆಕಾಲ್ ಕೂರಿಸುವ ದ್ರವ, ಡೆಕಾಲ್ ಮೆದುಗೊಳಿಸುವ ದ್ರವ, ಗ್ಲಾಸ್ ಮತ್ತು ಮ್ಯಾಟ್ ವಾರ್ನಿಶ್, ಕಂದು ಮತ್ತು ಕಪ್ಪು ಆಯಿಲ್ ಪೇಂಟ್ ಟ್ಯೂಬ್, ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿ. ಸ್ಪ್ರೇ ಮಾಡುವಾಗ ಆವಿ ತಡೆಯುವ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾಕಿಕೊಳ್ಳಿ. ಬಟ್ಟೆ ಮಾಸ್ಕ್ ಪ್ರಯೋಜನಕ್ಕೆ ಬರುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಏರ್‌ಬ್ರಷ್‌ನ ಲೋಹದ ಭಾಗ ತೊಳೆಯಲು ಚೆನ್ನಾಗಿದೆ. ಆದರೆ ಪ್ಲಾಸ್ಟಿಕ್ ಮೇಲೆ ಬಿದ್ದರೆ ಕರಗಿಸಿಬಿಡುತ್ತದೆ. ಬಾಟಲಿಗೆ ಕೆಂಪು ಟೇಪ್ ಸುತ್ತಿ, ಬಣ್ಣದ ಮೇಜಿನಿಂದ ದೂರ ಇಡಿ.

ಹಂತ 1: ತೊಳೆಯುವುದು

ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಉಗುರುಬೆಚ್ಚಗಿನ ನೀರು, ಹಳೆಯ ಮೆತ್ತನೆಯ ಟೂತ್‌ಬ್ರಷ್. ಅಚ್ಚಿನ ಎಣ್ಣೆ, ಕೈಯ ಜಿಡ್ಡು, ಉಜ್ಜಿದ ಪುಡಿ ಎಲ್ಲ ಹೋಗಬೇಕು. ಒಣಗಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಟೇಪ್ ಎಳೆದಾಗ ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು ಅನ್ನುವವರಲ್ಲಿ ಹೆಚ್ಚಿನವರು ಈ ಹಂತ ಬಿಟ್ಟಿರುತ್ತಾರೆ.

ಹಂತ 2: ಪ್ರೈಮರ್

ಬೂದು ಪ್ರೈಮರನ್ನು ತೆಳುವಾಗಿ ಎರಡು ಸಲ ಹೊಡೆಯಿರಿ. ಆಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಪ್ಲಾಸ್ಟಿಕ್ ಮೇಲೆ ಕಾಣದೆ ಇದ್ದ ಗೀರು, ಅಂಟು ಬಿಟ್ಟ ಸಂದು, ರೆಕ್ಕೆಯ ಬುಡದ ಬಿರುಕು ಎಲ್ಲ ಈಗ ಕಾಣುತ್ತವೆ. ಪುಟ್ಟಿ ಹಾಕಿ, ಉಜ್ಜಿ, ಆ ಜಾಗಕ್ಕೆ ಮಾತ್ರ ಮತ್ತೆ ಪ್ರೈಮರ್ ಹೊಡೆಯಿರಿ. ಇಲ್ಲಿ ಬಿಟ್ಟ ಸಂದು ಕೊನೆಗೆ ವಾಶ್ ಹಾಕಿದಾಗ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ.

ಪ್ರೈಮರ್‌ಗೆ ಮುಂಚೆಯೇ ಕಾಕ್‌ಪಿಟ್‌ನ ಗಾಜು ಅಂಟಿಸಿ, ಅದಕ್ಕೆ ಟೇಪ್‌ನ ಮಾಸ್ಕ್ ಹಾಕಿರಬೇಕು. ಗಾಜಿಗೆ ಸೂಪರ್ ಗ್ಲೂ ಬಳಸಿದರೆ ಅದರ ಆವಿ ಒಳಗೆ ಕೂತು ಗಾಜು ಮಂಜಾಗುತ್ತದೆ. ಫೆವಿಕಾಲ್‌ನಂಥ ಬಿಳಿ ಅಂಟು ಸಾಕು. ಒಣಗಿದ ಮೇಲೆ ಗುರುತೂ ಕಾಣುವುದಿಲ್ಲ.

ಹಂತ 3: ಬಣ್ಣ

ಬಣ್ಣ ಹಾಲಿನಷ್ಟು ತೆಳು ಇರಬೇಕು. ಕಪ್‌ನ ಗೋಡೆಗೆ ಬ್ರಷ್‌ನಿಂದ ಸವರಿ ನೋಡಿ. ತೆಳ್ಳನೆಯ ಪರದೆ ಬಿಟ್ಟು ನಿಧಾನ ಇಳಿದರೆ ಸರಿ. ಮಜ್ಜಿಗೆಹುಳಿ ಥರ ನಿಂತರೆ ದಪ್ಪ, ನೀರಿನ ಥರ ಓಡಿದರೆ ಅತಿ ತೆಳು. ಒತ್ತಡ 15ರಿಂದ 18 ಪಿಎಸ್ಐ, ದೂರ ಐದಾರು ಸೆಂ.ಮೀ. ಬಣ್ಣ ಮಾಡೆಲ್ ಮುಟ್ಟುವ ಮುಂಚೆಯೇ ಒಣಗಿ ಮೇಲ್ಮೈ ಸ್ಯಾಂಡ್‌ಪೇಪರ್ ಥರ ಒರಟಾದರೆ ಹತ್ತಿರ ಹೋಗಿ, ಇಲ್ಲವೇ ಇನ್ನಷ್ಟು ತೆಳು ಮಾಡಿ. ಅಂಚಿನಲ್ಲಿ ಜೇಡರಬಲೆಯ ಹಾಗೆ ಕಾಲು ಬಿಟ್ಟುಕೊಂಡು ಹರಿದರೆ ಒತ್ತಡ ಜಾಸ್ತಿ ಆಗಿದೆ.

ತಿಳಿ ಬಣ್ಣ ಮೊದಲು, ಕಡು ಬಣ್ಣ ಆಮೇಲೆ. ನಮ್ಮ ಹರಿಕೇನ್‌ಗೆ ಹೊಟ್ಟೆಯ ಬೂದು, ಮೇಲಿನ ಮಣ್ಣುಕಂದು, ಕೊನೆಗೆ ಕಡು ಹಸಿರು. ಎರಡು ಬಣ್ಣದ ನಡುವೆ ಬೇಸಿಗೆಯಲ್ಲಿ ಒಂದು ರಾತ್ರಿ, ಮಳೆಗಾಲದಲ್ಲಿ ಎರಡು ರಾತ್ರಿ ಬಿಡಿ. ಎನಾಮೆಲ್ (ನಿಧಾನ ಒಣಗುವ ಎಣ್ಣೆ ಜಾತಿಯ ಬಣ್ಣ) ಆದರೆ ಮೂರು ನಾಲ್ಕು ದಿನ ಬೇಕು.

ಒಣಗಿದೆಯಾ ಎಂದು ಬೆರಳಿಟ್ಟು ನೋಡಬೇಡಿ. ಮೂಗು ಹತ್ತಿರ ತನ್ನಿ. ವಾಸನೆ ಬರುತ್ತಿದೆ ಅಂದರೆ ಒಳಗೆ ಇನ್ನೂ ಹಸಿ ಇದೆ. ಮೇಲೆ ಚರ್ಮ ಕಟ್ಟಿ ಒಳಗೆ ಹಸಿ ಉಳಿದ ಬಣ್ಣವೇ ಹೆಬ್ಬೆರಳಿನ ಅಚ್ಚು ಹಿಡಿಯುವುದು. ವಾಸನೆ ಪೂರ್ತಿ ಹೋದ ಮೇಲೂ ಕೈಗೆ ತೆಳು ಗ್ಲೌಸ್ ಹಾಕಿಕೊಳ್ಳಿ.

ಟೇಪ್ ಅಂಟಿಸುವ ಮುಂಚೆ ಅದನ್ನು ಒಂದು ಸಲ ಗಾಜಿನ ಮೇಲೆ ಅಂಟಿಸಿ ತೆಗೆಯಿರಿ, ಅಂಟು ಸ್ವಲ್ಪ ಕಡಿಮೆಯಾಗುತ್ತದೆ. ಅಂಚನ್ನು ಹಲ್ಲುಕಡ್ಡಿಯಿಂದ ಒತ್ತಿ. ತೆಗೆಯುವಾಗ ಮೇಲಕ್ಕೆ ಎತ್ತಬೇಡಿ. ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿಕೊಂಡು ನಿಧಾನಕ್ಕೆ ಎಳೆಯಿರಿ.

ಹಂತ 4: ಗ್ಲಾಸ್ ಕೋಟ್

ಎಲ್ಲರೂ ಹಾರಿಸಿಬಿಡುವ ಹಂತ ಇದು. "ನನಗೆ ಮ್ಯಾಟ್ ವಿಮಾನ ಬೇಕು, ಹೊಳಪು ಯಾಕೆ?" ಅಂತ ಕೇಳುತ್ತಾರೆ. ಭೂತಗನ್ನಡಿ ಇದ್ದರೆ ಮ್ಯಾಟ್ ಬಣ್ಣವನ್ನು ಅದರಲ್ಲಿ ನೋಡಿ. ಕಣ್ಣಿಗೆ ನುಣ್ಣಗೆ ಕಂಡದ್ದು ಅಲ್ಲಿ ಕೊರಕಲು ನೆಲದ ಹಾಗೆ ಏರಿಳಿತ ತುಂಬಿರುತ್ತದೆ. ಅದರ ಮೇಲೆ ಡೆಕಾಲ್ ಇಟ್ಟರೆ ಅದು ಗುಡ್ಡದ ತುದಿಗಳ ಮೇಲೆ ಮಾತ್ರ ಕೂರುತ್ತದೆ. ಕೆಳಗಿನ ಗುಂಡಿಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಬೆಳಕು ಆ ಗಾಳಿಗೆ ತಾಗಿ ವಾಪಸು ಬಂದದ್ದೇ ಸಾಗರದ ಹುಡುಗ ನೋಡಿದ ಬೆಳ್ಳಿ ಪೊರೆ. ಗ್ಲಾಸ್ ಆ ಗುಂಡಿಗಳನ್ನು ತುಂಬುತ್ತದೆ.

ತೆಳುವಾಗಿ ಮೂರು ಸಲ ಹೊಡೆಯಿರಿ. ದೀಪದ ಪ್ರತಿಬಿಂಬ ಅಂಚು ಒಡೆಯದೆ ರೆಕ್ಕೆಯಲ್ಲಿ ಕಂಡರೆ ಸಾಕು. ಆಮೇಲೆ ಎರಡು ದಿನ ಸಿಲಿಕಾ ಜೆಲ್ ಡಬ್ಬಿಯೊಳಗೆ ಇಡಿ.

ಹಂತ 5: ಡೆಕಾಲ್

ಇಲ್ಲಿ ಅವಸರ ಮಾಡಲೇಬೇಡಿ. ಒಂದು ಸಂಜೆಗೆ ವಿಮಾನದ ಒಂದು ಮಗ್ಗುಲು ಸಾಕು.

ನೀರಿನಿಂದ ಶುರು ಮಾಡೋಣ. ಬೋರ್‌ವೆಲ್ ನೀರು ಗಡಸಾಗಿದ್ದರೆ ಒಣಗಿದಾಗ ಡೆಕಾಲ್ ಸುತ್ತ ಬಿಳಿ ಕಲೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದಿಟ್ಟುಕೊಂಡರೆ ವರ್ಷಗಟ್ಟಲೆ ಬರುತ್ತದೆ. ಬಳಸುವಾಗ ಉಗುರುಬೆಚ್ಚಗೆ ಮಾಡಿಕೊಳ್ಳಿ.

ಆಮೇಲೆ ಹಾಳೆ. ಮಲೆನಾಡಿನಲ್ಲಿ ಹಳೆಯ ಡೆಕಾಲ್ ಹಾಳೆ ಬೂಷ್ಟು ಹಿಡಿಯುತ್ತದೆ, ಮೇಲಿನ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಕಿಟ್ ತಂದ ದಿನವೇ ಹಾಳೆಯನ್ನು ಬೇರೆ ಜಿಪ್ ಕವರ್‌ಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಇಡಿ. ಅಂಚು ಹಳದಿಯಾಗಿದ್ದರೆ ಕಿಟಕಿಯ ಗಾಜಿಗೆ ಬಿಸಿಲು ಬೀಳುವ ಹಾಗೆ ಕೆಲವು ದಿನ ಅಂಟಿಸಿಡಿ, ತಿಳಿಯಾಗುತ್ತದೆ. ಬೇಡದ ಒಂದು ಸಣ್ಣ ಡೆಕಾಲನ್ನು ಮೊದಲು ನೀರಿಗೆ ಹಾಕಿ ಪರೀಕ್ಷಿಸಿ. ಅದು ಚೂರಾದರೆ ಇಡೀ ಹಾಳೆಗೆ ತೆಳು ಗ್ಲಾಸ್ ಹೊಡೆದು ಒಣಗಿಸಿ, ನಂತರ ಮುಂದುವರಿಯಿರಿ.

ಈಗ ಕೆಲಸ. ಡೆಕಾಲನ್ನು ಬಣ್ಣದ ಅಂಚಿಗೆ ಆದಷ್ಟು ಹತ್ತಿರ ಕತ್ತರಿಸಿ. ಚಿಮಟದಲ್ಲಿ ಹಿಡಿದು ಹತ್ತು ಹದಿನೈದು ಸೆಕೆಂಡ್ ನೀರಿಗೆ ಅದ್ದಿ, ತೆಗೆದು ಟಿಶ್ಯೂ ಮೇಲೆ ಇಡಿ. ನೀರಲ್ಲೇ ತೇಲಲು ಬಿಟ್ಟರೆ ಹಿಂಬದಿಯ ಅಂಟು ತೊಳೆದುಹೋಗುತ್ತದೆ. ಒಂದು ನಿಮಿಷ ಕಾಯಿರಿ. ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಕಾಗದದ ಮೇಲೆ ಜಾರಬೇಕು. ಜಾರದಿದ್ದರೆ ಒತ್ತಾಯ ಬೇಡ, ಇನ್ನೊಂದು ಹನಿ ನೀರು ಬಿಡಿ.

ಡೆಕಾಲ್ ಕೂರುವ ಜಾಗಕ್ಕೆ ಕೂರಿಸುವ ದ್ರವ ಸವರಿ, ಕಾಗದವನ್ನು ಅಲ್ಲಿಗೇ ಒಯ್ದು, ಒದ್ದೆ ಬ್ರಷ್‌ನಿಂದ ಡೆಕಾಲನ್ನು ಜಾರಿಸಿ. ಸ್ಥಾನ ಸರಿ ಮಾಡಲು ಒಂದೆರಡು ನಿಮಿಷ ಸಿಗುತ್ತದೆ. ಸರಿಯಾದ ಮೇಲೆ ಒದ್ದೆ ಕಾಟನ್ ಬಡ್ಡನ್ನು ನಡುವಿನಿಂದ ಅಂಚಿನ ಕಡೆಗೆ ಉರುಳಿಸಿ ನೀರು ಹೊರಗೆ ಹಾಕಿ. ಉಜ್ಜಬೇಡಿ, ಉರುಳಿಸಿ.

ಹತ್ತು ನಿಮಿಷ ಬಿಟ್ಟು ಮೆದುಗೊಳಿಸುವ ದ್ರವವನ್ನು ಮೇಲೆ ಹಚ್ಚಿ. ಎಲ್ಲರಿಗೂ ಎದೆ ಧಸಕ್ಕೆನ್ನುವುದು ಈಗ. ನಯವಾಗಿ ಕೂತಿದ್ದ ರೌಂಡೆಲ್ (ವಾಯುಪಡೆಯ ದುಂಡು ಗುರುತು) ಎರಡೇ ನಿಮಿಷದಲ್ಲಿ ಹಪ್ಪಳ ಕರಿದ ಹಾಗೆ ಸುಕ್ಕುಗಟ್ಟುತ್ತದೆ. ಕೈ ಹಾಕಲೇಬೇಡಿ! ಆ ಹೊತ್ತಿಗೆ ಡೆಕಾಲ್ ಹಾಲಿನ ಕೆನೆಯಷ್ಟು ಮೆತ್ತಗಿರುತ್ತದೆ, ಮುಟ್ಟಿದರೆ ಹರಿಯುತ್ತದೆ. ಎದ್ದು ಹೋಗಿ ಕಾಫಿ ಕುಡಿದು ಬನ್ನಿ. ಅರ್ಧ ಮುಕ್ಕಾಲು ಗಂಟೆಯಲ್ಲಿ ಅದು ತಾನಾಗಿ ಇಳಿದು ಪ್ಯಾನೆಲ್ ಗೆರೆಯೊಳಗೆ (ವಿಮಾನದ ತಗಡುಗಳು ಸೇರುವ ಸಂದಿನ ಗೆರೆ) ಹೋಗಿ ಕೂರುತ್ತದೆ. ಬಣ್ಣದಲ್ಲೇ ಬರೆದ ಹಾಗೆ ಕಾಣುತ್ತದೆ. ನನಗೆ ಇಡೀ ಕೆಲಸದಲ್ಲಿ ಇಷ್ಟವಾದ ಕ್ಷಣ ಇದೇ.

ಮಾರನೆಯ ದಿನ ಟಾರ್ಚ್ ಹಿಡಿದು ನೋಡಿ. ಎಲ್ಲಾದರೂ ಬೆಳ್ಳಿ ಚುಕ್ಕೆ ಉಳಿದಿದ್ದರೆ ಸಣ್ಣ ಸೂಜಿಯಿಂದ ಅಲ್ಲಿ ಎರಡು ಮೂರು ಚುಚ್ಚಿ, ಮೆದುಗೊಳಿಸುವ ದ್ರವ ಒಂದು ಹನಿ ಹಾಕಿ. ದ್ರವ ಒಳಗೆ ಹೋಗಿ ಗಾಳಿ ಹೊರಗೆ ಬರುತ್ತದೆ. ಮ್ಯಾಟ್ ಹೊಡೆದ ಮೇಲೆ ಇದನ್ನು ಸರಿಪಡಿಸುವುದು ಬಹಳ ಕಷ್ಟ, ಈಗಲೇ ಮಾಡಿ.

ಯಾವ ಗುರುತು ಹಾಕಬೇಕು ಅನ್ನುವುದರಲ್ಲೂ ತಪ್ಪಾಗುತ್ತದೆ. ಎರಡನೇ ಮಹಾಯುದ್ಧದ ಬರ್ಮಾ ರಂಗದ ಹರಿಕೇನ್‌ಗೆ ನಡುವೆ ಕೆಂಪು ಇರುವ ರೌಂಡೆಲ್ ಹಾಕಬೇಡಿ. ಜಪಾನಿ ವಿಮಾನದ ಕೆಂಪು ಸೂರ್ಯನ ಗುರುತಿನ ಜತೆ ಗೊಂದಲ ಆಗಬಾರದೆಂದು ಅಲ್ಲಿ ಕೆಂಪು ತೆಗೆದಿದ್ದರು. ಹೊರಗೆ ಕಡು ನೀಲಿ, ನಡುವೆ ತಿಳಿ ನೀಲಿ ಇರುತ್ತಿತ್ತು. ಈಗಿನ ವಾಯುಪಡೆಯ ವಿಮಾನವಾದರೆ ರೌಂಡೆಲ್‌ನ ಹೊರಗೆ ಕೇಸರಿ, ನಡುವೆ ಹಸಿರು. ಬಾಲದ ಮೇಲಿನ ಪಟ್ಟಿಯ ಎಡ ಬಲವನ್ನು ಆ ವಿಮಾನದ ಫೋಟೋ ಮುಂದಿಟ್ಟುಕೊಂಡೇ ಹಚ್ಚಿ.

ಹಂತ 6: ಮತ್ತೆ ಗ್ಲಾಸ್, ನಂತರ ವಾಶ್

ಒದ್ದೆ ಬಟ್ಟೆಯಿಂದ ಡೆಕಾಲ್ ಸುತ್ತ ಉಳಿದ ಅಂಟನ್ನು ಮೆಲ್ಲಗೆ ಒರೆಸಿ. ಬಿಟ್ಟರೆ ಕೆಲವು ತಿಂಗಳಲ್ಲಿ ಕಂದು ಕಲೆಯಾಗುತ್ತದೆ. ಎರಡು ದಿನ ಒಣಗಿಸಿ, ತೆಳು ಗ್ಲಾಸ್ ಹೊಡೆದು ಡೆಕಾಲ್ ಮುಚ್ಚಿ. ಲ್ಯಾಕರ್ ಗ್ಲಾಸ್ ಆದರೆ ಮೊದಲ ಪದರ ಬರೀ ಮಂಜಿನಷ್ಟಿರಲಿ. ಒಮ್ಮೆಗೇ ಒದ್ದೆಯಾಗುವಷ್ಟು ಹೊಡೆದರೆ ಡೆಕಾಲ್ ಮುದುಡುತ್ತದೆ.

ವಾಶ್ ಅಂದರೆ ಪ್ಯಾನೆಲ್ ಗೆರೆಗಳಲ್ಲಿ ಹರಿಸುವ ತೆಳು ಬಣ್ಣ. ಕಂದು ಆಯಿಲ್ ಪೇಂಟ್‌ಗೆ ಚೂರು ಕಪ್ಪು ಸೇರಿಸಿ, ವಾಸನೆಯಿಲ್ಲದ ಟರ್ಪೆಂಟೈನ್‌ನಲ್ಲಿ ಕಷಾಯದಷ್ಟು ತೆಳು ಮಾಡಿ. ಕೆಳಗಿನ ಗ್ಲಾಸ್ ಆಕ್ರಿಲಿಕ್ ಆಗಿದ್ದರೆ ಈ ಟರ್ಪೆಂಟೈನ್ ಅದನ್ನು ಕರಗಿಸುವುದಿಲ್ಲ. ಎನಾಮೆಲ್ ಗ್ಲಾಸ್ ಮೇಲೆ ಇದೇ ಕೆಲಸ ಮಾಡಿದರೆ ಬಣ್ಣವೇ ಎದ್ದು ಬರುತ್ತದೆ. ಕೆಳಗಿನ ಪದರ ಒಂದು ಜಾತಿ, ಮೇಲಿನದು ಬೇರೆ ಜಾತಿ ಇರಬೇಕು.

ಸಣ್ಣ ಬ್ರಷ್‌ನ ತುದಿಯನ್ನು ಗೆರೆಗೆ ತಾಗಿಸಿ. ವಾಶ್ ತಾನೇ ಓಡಿ ಗೆರೆ ತುಂಬುತ್ತದೆ. ಅರ್ಧ ಗಂಟೆ ಬಿಟ್ಟು, ಕಾಟನ್ ಬಡ್‌ನಿಂದ ಗಾಳಿ ಹರಿಯುವ ದಿಕ್ಕಿನಲ್ಲೇ ಒರೆಸಿ: ಒಡಲಿನ ಮೇಲೆ ಮೂತಿಯಿಂದ ಬಾಲದ ಕಡೆಗೆ, ರೆಕ್ಕೆಯ ಮೇಲೆ ಮುಂಬದಿಯಿಂದ ಹಿಂಬದಿಗೆ. ಅಪ್ಪಟ ಕಪ್ಪು ವಾಶ್ ನನಗೆ ಹಿಡಿಸುವುದಿಲ್ಲ. ಮಕ್ಕಳ ಚಿತ್ರಪುಸ್ತಕದ ಗೆರೆಗಳ ಥರ ಕಾಣುತ್ತದೆ.

ಹಂತ 7: ವೆದರಿಂಗ್

ಬ್ರಷ್ ಎತ್ತುವ ಮುಂಚೆ ಲೆಕ್ಕ ಹಾಕಿ. 1/72ರಲ್ಲಿ ನೀವಿಡುವ 1 ಮಿ.ಮೀ. ಬೆಳ್ಳಿ ಚುಕ್ಕೆ ನಿಜವಾದ ವಿಮಾನದ ಮೇಲೆ 7.2 ಸೆಂ.ಮೀ. ಬಣ್ಣ ಕಿತ್ತ ಜಾಗ. ಅಂಥ ನೂರು ಚುಕ್ಕೆ ಇಟ್ಟರೆ ವಿಮಾನ ಗುಜರಿಯ ಥರ ಕಾಣುತ್ತದೆ. ಬೆಳ್ಳಿ ಬಣ್ಣದ ಪೆನ್ಸಿಲನ್ನು ಚೂಪು ಮಾಡಿಕೊಂಡು, ಸುಮ್ನೆ ತಾಗಿಸಿದ ಹಾಗೆ ಇಡಿ.

ಎಲ್ಲಿ ಇಡಬೇಕು? ಪೈಲಟ್ ಕಾಲಿಡುವ ರೆಕ್ಕೆಯ ಬುಡ, ಎಂಜಿನ್ ಮುಚ್ಚಳದ ಸ್ಕ್ರೂಗಳ ಸುತ್ತ, ಬಂದೂಕಿನ ಮುಚ್ಚಳದ ಅಂಚು, ರೆಕ್ಕೆಯ ಮುಂಬದಿ. ಅಂದರೆ ಕೈ, ಕಾಲು, ಸ್ಪ್ಯಾನರ್ ತಾಗುವ ಜಾಗ. ಹರಿಕೇನ್‌ನ ಒಡಲಿನ ಹಿಂಭಾಗ ಬಟ್ಟೆ ಹೊದಿಸಿದ್ದು. ಅಲ್ಲಿ ಬೆಳ್ಳಿ ಚುಕ್ಕೆ ಇಟ್ಟರೆ ಬಟ್ಟೆಯೊಳಗಿಂದ ಅಲ್ಯೂಮಿನಿಯಂ ಇಣುಕಿದ ಹಾಗಾಗುತ್ತದೆ. ಈ ತಪ್ಪನ್ನು ನಾನು ಲೆಕ್ಕವಿಲ್ಲದಷ್ಟು ಮಾಡೆಲ್‌ಗಳಲ್ಲಿ ನೋಡಿದ್ದೇನೆ.

ಎಕ್ಸಾಸ್ಟ್ ಮಸಿ ಕೊಳವೆಯ ಬಾಯಿಂದ ಶುರುವಾಗಿ ಗಾಳಿಯ ಜತೆ ಹಿಂದಕ್ಕೆ ಹೋಗಬೇಕು. ಬರೀ ಕಪ್ಪು ಬೇಡ. ಮೊದಲು ಕಂದುಗಪ್ಪನ್ನು ಅಗಲವಾಗಿ, ಮೇಲೆ ನಡುವಿನಲ್ಲಿ ತಿಳಿ ಬೂದನ್ನು ಸಣ್ಣಗೆ ಹೊಡೆಯಿರಿ. ಏರ್‌ಬ್ರಷ್ ಇಲ್ಲದವರು ಸಾಫ್ಟ್ ಪೇಸ್ಟಲ್ ಕಡ್ಡಿಯನ್ನು ಸ್ಯಾಂಡ್‌ಪೇಪರ್‌ಗೆ ಉಜ್ಜಿ ಪುಡಿ ಮಾಡಿಟ್ಟುಕೊಳ್ಳಿ. ಹೊಳಪಿನ ಮೇಲೆ ಪುಡಿ ನಿಲ್ಲುವುದಿಲ್ಲ, ಆದ್ದರಿಂದ ಅದನ್ನು ಮ್ಯಾಟ್ ಆದ ಮೇಲೆ ಮೆತ್ತನೆ ಬ್ರಷ್‌ನಿಂದ ಒತ್ತಿ.

ಮಿಗ್-21 ಥರದ ಜೆಟ್ ಆದರೆ ಲೆಕ್ಕವೇ ಬೇರೆ. ಅದು ಕಾಂಕ್ರೀಟ್ ರನ್‌ವೇ ಮೇಲೆ ಓಡುವ ವಿಮಾನ, ಚಕ್ರಕ್ಕೆ ಕೆಸರು ಬೇಡ. ಹೊಟ್ಟೆಯ ಕೆಳಗೆ ಎಣ್ಣೆ ಇಳಿದ ಗೆರೆ, ಎಂಜಿನ್ ಬಾಯಿಯ ಸುತ್ತ ಬೆಂದ ಲೋಹದ ಬಣ್ಣ, ಅಷ್ಟು ಸಾಕು.

ಹಂತ 8: ಮ್ಯಾಟ್ ಕೋಟ್

ಮೂರು ವರ್ಷದ ಹಿಂದೆ ನನ್ನದೇ ಹರಿಕೇನ್ ಈ ಹಂತದಲ್ಲಿ ಕೆಟ್ಟಿತು. ಜುಲೈ ಕೊನೆ, ಜಡಿಮಳೆ. ಸಂಜೆ ಅರ್ಧ ಗಂಟೆ ಹೊಳವಾಯಿತು. ಇಷ್ಟೇ ಅಲ್ವಾ, ಮುಗಿಸಿಬಿಡೋಣ ಎಂದು ಜಗುಲಿಯಲ್ಲಿ ನಿಂತು ಸ್ಪ್ರೇ ಕ್ಯಾನ್ ಹೊಡೆದೆ. ಕೈಯಲ್ಲಿ ಹಿಡಿದಿದ್ದ ಹಾಗೇ ರೆಕ್ಕೆಯ ತುದಿಯಿಂದ ಬಿಳಿ ಹರಡಿಕೊಂಡು ಬಂತು. ಎರಡು ತಿಂಗಳ ಕೆಲಸ ನೋಡನೋಡುತ್ತಾ ಮಂಜಿನಲ್ಲಿ ಮುಳುಗಿತು. ಆ ರಾತ್ರಿ ಊಟ ಸೇರಲಿಲ್ಲ.

ಆದದ್ದು ಇಷ್ಟು: ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ತೇವ ತುಂಬಿದ ಗಾಳಿ ಆ ತಣ್ಣನೆ ಮೇಲ್ಮೈ ಮೇಲೆ ನೀರಿನ ಕಣ ಬಿಡುತ್ತದೆ. ವಾರ್ನಿಶ್ ಆ ಕಣಗಳನ್ನು ಒಳಗಿಟ್ಟುಕೊಂಡೇ ಒಣಗುತ್ತದೆ. ಮಳೆ ನಿಂತಿದ್ದರೂ ಗಾಳಿ ಒಣಗಿರಲಿಲ್ಲ. ಹೊಳವು ನೋಡಿ ನಂಬಬೇಡಿ, ಮೀಟರ್ ನೋಡಿ.

ನಿಮಗೂ ಹೀಗಾದರೆ ಉಜ್ಜಬೇಡಿ, ಮೇಲೆ ಇನ್ನಷ್ಟು ಮ್ಯಾಟ್ ಹೊಡೆಯಬೇಡಿ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಟ್ಟು ಒಣ ದಿನಕ್ಕೆ ಕಾಯಿರಿ. ಆಗ ಅದೇ ಜಾತಿಯ ಗ್ಲಾಸನ್ನು ತೆಳುವಾಗಿ ಹೊಡೆಯಿರಿ. ಏರ್‌ಬ್ರಷ್‌ನಲ್ಲಿ ಲ್ಯಾಕರ್ ಹೊಡೆಯುವವರು ರಿಟಾರ್ಡರ್ ಇರುವ ನಿಧಾನದ ಥಿನ್ನರ್ ಬಳಸಬಹುದು. ಬಿಳಿ ಮಂಜು ಹೆಚ್ಚಾಗಿ ಕರಗುತ್ತದೆ. ನನ್ನ ಹರಿಕೇನ್ ನವೆಂಬರ್‌ನಲ್ಲಿ ಹೀಗೇ ಬದುಕಿಕೊಂಡಿತು.

ಮ್ಯಾಟ್ ಬಾಟಲಿಯನ್ನು ತಳದ ಪುಡಿ ಪೂರ್ತಿ ಏಳುವವರೆಗೆ ಕಲಕಿ. ಅರೆಬರೆ ಕಲಕಿದ ಮ್ಯಾಟ್ ಕೂಡ ಬಿಳಿ ಬಿಳಿಯಾಗಿ ಕೂರುತ್ತದೆ. ತೇವದ ಬಿಳುಪು ಮೋಡದ ಹಾಗೆ ಹರಡಿರುತ್ತದೆ. ಪುಡಿಯ ಬಿಳುಪು ಮೂಲೆಗಳಲ್ಲಿ, ಗೆರೆಗಳಲ್ಲಿ ಸೇರಿರುತ್ತದೆ. ಎರಡರ ವ್ಯತ್ಯಾಸ ತಿಳಿದರೆ ತಪ್ಪು ಔಷಧಿ ಹಾಕುವುದು ತಪ್ಪುತ್ತದೆ.

ಹಂತ 9: ಕೊನೆಯ ಕೆಲಸ

ಪೇಸ್ಟಲ್ ಪುಡಿಯ ಮಸಿ, ಧೂಳು ಈಗ ಹಚ್ಚಿ. ನಮ್ಮ ಅಂಗಳದ ಕೆಮ್ಮಣ್ಣನ್ನೇ ಹಾಕೋಣ ಅಂತ ಆಸೆಯಾಗುತ್ತದೆ. ಬಟ್ಟೆಯಲ್ಲಿ ಎಷ್ಟು ಸೋಸಿದರೂ ಅದರ ಕಣ 1/72ಕ್ಕೆ ದಪ್ಪವೇ. ಟೈರಿಗೆ ಜಲ್ಲಿ ಅಂಟಿದ ಹಾಗೆ ಕಾಣುತ್ತದೆ. ಇಟ್ಟಿಗೆ ಬಣ್ಣದ ಪೇಸ್ಟಲ್ ಒಳ್ಳೆಯದು.

ಗಾಜಿನ ಮಾಸ್ಕ್ ತೆಗೆಯುವ ಮುಂಚೆ ಅಂಚಿನುದ್ದಕ್ಕೂ ಬ್ಲೇಡ್ ತುದಿಯನ್ನು ಒಮ್ಮೆ ಹಗುರವಾಗಿ ಎಳೆಯಿರಿ. ಇಲ್ಲದಿದ್ದರೆ ಟೇಪ್ ಜತೆ ಚೌಕಟ್ಟಿನ ಬಣ್ಣವೂ ಏಳುತ್ತದೆ. ಪ್ರೊಪೆಲರ್, ಆಂಟೆನಾ, ಚಕ್ರದ ಬಾಗಿಲು ಎಲ್ಲ ಈಗ ಅಂಟಿಸಿ. ಮೊದಲೇ ಅಂಟಿಸಿದರೆ ಇಷ್ಟು ಹಂತ ದಾಟುವಷ್ಟರಲ್ಲಿ ಒಂದಾದರೂ ಮುರಿದಿರುತ್ತದೆ.

ಮುಗಿದ ಮಾಡೆಲನ್ನು ಗಾಜಿನ ಬೀರುವಿನಲ್ಲಿ ಇಡಿ, ಹೊರಗೋಡೆಗೆ ತಾಗಿದ ಬೀರು ಬೇಡ. ಮಳೆಗಾಲದಲ್ಲಿ ಆ ಗೋಡೆ ತೇವ ಎಳೆಯುತ್ತದೆ, ಮ್ಯಾಟ್ ಮೇಲ್ಮೈಗೆ ಬೂಷ್ಟು ಬೇಗ ಹತ್ತುತ್ತದೆ. ಒಳಗೆ ಸಿಲಿಕಾ ಜೆಲ್ ಬಟ್ಟಲು ಇಡಿ. ಹರಳಿನ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಬಹುದು, ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ರೆಕ್ಕೆಯ ಅಡಿ, ಚಕ್ರದ ಗೂಡು ನೋಡಿ. ಬಿಳಿ ನೂಲಿನ ಹಾಗೆ ಏನಾದರೂ ಕಂಡರೆ ಒಣ ಮೆತ್ತನೆ ಬ್ರಷ್‌ನಿಂದ ತೆಗೆದು, ಒಂದು ಗಂಟೆ ನೆರಳಿನ ಗಾಳಿಗೆ ಇಟ್ಟು ಬೀರುವಿಗೆ ಸೇರಿಸಿ.